ಕುಮಟಗಿಗೆ ತೋಟ ನೋಡಾಕ ಹೋಗಿ ಟ್ಯೂಬ್ ಬದಲಿಸ್ಕೊಂಡು ಬಂದ್ವಿ

ನಮಸ್ಕಾರ್ರಿ. ಅಲ್ಲಿ ವಿಡಿಯೋದಾಗ ಮಾತಾಡಿದ್ದೆಲ್ಲಾ ಗಾಳಿಗೆ ಹಾರಿ ಹೋಗೈತಿ, ಅದಕ್ಕ ಮನ್ಯಾಗ ಕುಂತು ಆ ವಿಡಿಯೋಕ್ಕ ಮತ್ತ ಮಾತು ಹಚ್ಚಾಕತ್ತೀನಿ. ಇದು ಕುಮಟಗಿ. ವಿಜಯಪುರದಿಂದ ಸಿಂದಗಿ ರಸ್ತೆ ಹಿಡದ್ರ 20 ಕಿಲೋಮೀಟರ್ ಆಸುಪಾಸು. ಆದಿಲ್‌ಶಾಹಿ ಅರಸರು ಬ್ಯಾಸಗ್ಯಾಗ ತಂಪಿಗಂತ ಬರ್ತಿದ್ದ ಜಾಗ.

ತೋಟ ಎಲ್ಲೈತಿ ಅಂತ ಕೇಳಬ್ಯಾಡ್ರಿ, ನಾನೂ ಅದನ್ನ ಹುಡುಕಾಕತ್ತೀನಿ ಇಲ್ಲಿ. ಇಲ್ಲಿನ ಹಳೇ ಕಟ್ಟಡದೊಳಗ ಕಾಲಿಟ್ಟಕೂಡ್ಲೆ "ಇಷ್ಟಕ್ಕ ಪೆಟ್ರೋಲ್ ಸುಟ್ವಾ?" ಅಂದೆ. ಕ್ಯಾಮೆರಾ ಹಿಂದ ನಗೂದು ಕೇಳ್ತಲ್ಲ, ನನ್ನ ತಂಗಿ.

ಈಗ ಮ್ಯಾಲ ನೋಡ್ರಿ. ಶಾವರ್ರೀ ಅದು! ಗ್ವಾಡಿ ಒಳಗ ಕೊಳವಿ ಹಾಯಿಸ್ಯಾರ. ಕೆರಿ ನೀರು ಎತ್ತರಕ್ಕ ಏರಿಸಿ ಬಿಟ್ರ ಅದರ ಒತ್ತಡಕ್ಕ ತಾನ ಚಿಮ್ಮತಿತ್ತು. ಮೋಟರಿಲ್ಲ, ಕರೆಂಟಿಲ್ಲ. ನಮ್ಮ ಮನ್ಯಾಗ ಎರಡೂ ಅದಾವ, ಮಾಳಿಗಿ ಮ್ಯಾಲಿನ ಟ್ಯಾಂಕಿಗೆ ಇನ್ನೂ ನೀರು ಏರಿಲ್ಲ. ಪೆಟ್ರೋಲ್ ಮಾತು ವಾಪಸ್ ತಗೊಂಡೀನಿ.

ವಿಜಯಪುರದಾಗೂ ಇದ ಕಥಿ. 1651ರ ಬೇಗಂ ತಲಾಬ್ ಕೆರಿಯಿಂದ ಊರಿಗೆ ಮಣ್ಣಿನ ಕೊಳವಿ, ನಡುನಡುವ ಗಂಜ್ ಅನ್ನೂ ಗೋಪುರ. ಒತ್ತಡ ಅಲ್ಲಿ ಇಳಿಯೂದು, ಕಸ ತಳಕ್ಕ ಕುಂದ್ರೂದು. ತಿಕೋಟಾ ಕಡೆ ನಮ್ಮ ಮಾವನ ದ್ರಾಕ್ಷಿ ಪಡದಾಗ ಡ್ರಿಪ್ ಐತಿ, ಫಿಲ್ಟರ್ ತೊಳಿಯೂದು ಮರೀತಾರ, ಆಮ್ಯಾಲ ಸೂಜಿ ಹಿಡಕೊಂಡು ಒಂದೊಂದ ತೂತು ಚುಚ್ಚತ ಕುಂದ್ರತಾರ. ಅತ್ತಿ ಬೈಯೂದು ಬ್ಯಾರೆ...

ಅಯ್ಯ, ಕುಮಟಗಿ ಗ್ವಾಡಿ ಮ್ಯಾಲಿನ ಚಿತ್ರದ ಶಾಟ್ ಹೋಗಾಕತ್ತೈತಿ! ಕುದುರಿ ಮ್ಯಾಲೆ ಚೆಂಡಾಟ, ಕುಸ್ತಿ. ಬಣ್ಣ ಮಾಸೈತಿ, ಕ್ಯಾಮೆರಾಕ್ಕ ಇಷ್ಟ ಸಿಕ್ಕಿದ್ದು.

ಈಗ ನನ್ನ ಸಂಕಟ ಕೇಳ್ರಿ. ಹೊರಗ ಬಂದ್ರ ಸ್ಕೂಟಿ ಹಿಂದಿನ ಗಾಲಿ ಪೂರಾ ಕುಂತೈತಿ. ಮುಳ್ಳು. ಬಳ್ಳಾರಿ ಜಾಲಿ. ಅಮೆರಿಕಾ ಕಡೆಯಿಂದ ಬಂದ ಗಿಡ ಅದು, ಅರಸರ ಕಾಲಕ್ಕ ಇಲ್ಲಿ ಇರಲೇ ಇಲ್ಲ. ಈಗ ಯಾರೂ ನೀರು ಹಾಕದ ಬೆಳದು ನಿಂತೈತಿ. ನಾ ದೂಡಾಕಿ, ತಂಗಿ ವಿಡಿಯೋ ಮಾಡಾಕಿ! ಒಂದ ಕೈ ಹಚ್ಚಬಾರದಾ?

ಪಂಚರ್ ಅಂಗಡಿ ಕಾಕಾ ಟ್ಯೂಬ್ ಬುಟ್ಟ್ಯಾಗಿನ ನೀರಾಗ ಅದ್ದಿದ್ರು. ಗುಳುಗುಳು ಅಂತ ಒಂದು ಕಡೆ ಗುಳ್ಳಿ. ಸುಮ್ಮನ ತಿರುವಿದ್ರು, ಇನ್ನೊಂದು ಕಡೆ. ಮತ್ತ ತಿರುವಿದ್ರು. "ನಾಕ ಅದಾವ ನೋಡವ್ವ." ಒಂದಕ್ಕ 100 ರೂಪಾಯಿ, ನಾಕಕ್ಕ 400. ಹೊಸಾ ಟ್ಯೂಬಿಗೆ 380! ಹಾಕಿಸಿದ್ನಿ, ಇನ್ನೇನ್ ಮಾಡೂದು. ಕಾಕಾ ಬಾಳ ಒಳ್ಳೆಯವರು ಅಂತ ವಿಡಿಯೋದಾಗ ಅಂದೀನಿ, ಅದು ಫಿಟಿಂಗಿಗೆ ಬ್ಯಾರೆ 60 ಕೇಳೂದಕ್ಕಿಂತ ಮೊದಲ.

ಸಿಟ್ಟಿಗೆ ಹಳೇ ಟ್ಯೂಬ್ ನಾನ ಹೊತ್ಕೊಂಡು ಬಂದೆ. ಕಡೀ ಶಾಟ್ ನಮ್ಮ ಅಂಗಳದ್ದು. ಅವ್ವ ಅದನ್ನ ಉದ್ದುದ್ದಕ ಕತ್ತರಿಸಿ ಮಲ್ಲಿಗಿ ಬಳ್ಳಿನ ಕಂಬಕ್ಕ ಕಟ್ಟಾಕತ್ತಾಳ.