ಕುದುರೆ ಜೊತೆ ಒಂದು ದಿನ ಹೆನ್ರಿ ಕೋ ಪಾರ್ಕಿಗೆ

ಕೇಳುಗರಿಗೆ ನಮಸ್ಕಾರ.

ಕುದುರೆ ಕಂಡರೆ ಕಾಲು ನೋವು ಅಂತ ಗಾದೆ ಇದೆಯಲ್ಲ, ಇವತ್ತಿನ ಮಾತು ನಿಜವಾಗಿಯೂ ಕಾಲು ನೋಯಿಸಿಕೊಳ್ಳುವವರ ಬಗ್ಗೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳು ಸವಾರಿ ಕಲಿಯುತ್ತಾರೆ, ಅವರ ಹಿಂದೆ ಅಪ್ಪ ಅಮ್ಮನೂ ಕಲಿಯುತ್ತಾರೆ. ಕೆಲವರು ಕುದುರೆಯನ್ನೇ ಕೊಂಡು ಊರಾಚೆಯ ಲಾಯದಲ್ಲಿ ಬಿಟ್ಟಿದ್ದಾರೆ. ಅಂಗಳದಲ್ಲಿ ಸುತ್ತು ಹಾಕಿ ಬೇಜಾರಾದ ಮೇಲೆ ಮುಂದಿನ ಆಸೆ ಬೆಟ್ಟದ ದಾರಿ. ಒಂದೇ ದಿನದಲ್ಲಿ ಹೋಗಿ ಬರುವುದಕ್ಕೆ ನನಗೆ ಇಷ್ಟವಾದ ಜಾಗ ಮಾರ್ಗನ್ ಹಿಲ್, ಗಿಲ್ರಾಯ್ ಊರುಗಳ ಪೂರ್ವಕ್ಕಿರುವ ಹೆನ್ರಿ ಡಬ್ಲ್ಯೂ ಕೋ ಸ್ಟೇಟ್ ಪಾರ್ಕ್.

ಸುಮಾರು 87,000 ಎಕರೆಯ ಪಾರ್ಕ್ ಇದು. ಮೊದಲು ಇಲ್ಲಿ ದನ ಮೇಯಿಸುವ ರಾಂಚ್‌ಗಳಿದ್ದವು. ಹೆನ್ರಿ ಕೋ ಅವರ ಮಗಳು ಸೇಡಾ ಕೋ 1953ರಲ್ಲಿ ತಮ್ಮ ಜಮೀನನ್ನು ಸಾಂಟಾ ಕ್ಲಾರಾ ಕೌಂಟಿಗೆ ದಾನ ಕೊಟ್ಟರು. ಆಮೇಲೆ ಅದು ರಾಜ್ಯದ ಪಾರ್ಕ್ ಆಯಿತು. ಕುದುರೆ ಮೇಲೆ ಕೂತು ದನ ಕಾಯುತ್ತಿದ್ದ ದಾರಿಗಳಲ್ಲೇ ಇವತ್ತು ನಾವು ಸವಾರಿ ಮಾಡುವುದು.

ಪಾರ್ಕಿನ ಮುಖ್ಯ ಕಚೇರಿಗೆ ಈಸ್ಟ್ ಡನ್ ಅವೆನ್ಯೂ ಮೇಲೆ ಹೋಗಬೇಕು. ಕಾರಿಗೆ ಆ ರಸ್ತೆ ಚೆನ್ನ. ಕುದುರೆ ಟ್ರೇಲರ್ ಎಳೆದುಕೊಂಡು ಮಾತ್ರ ಹೋಗಬೇಡಿ. ತಿರುವೋ ತಿರುವು, ಅಗಲವೂ ಕಮ್ಮಿ. ಟ್ರೇಲರಿನೊಳಗೆ ನಿಂತ ಕುದುರೆ ಪ್ರತಿ ತಿರುವಿನಲ್ಲೂ ಕಾಲೂರಿ ತೂಕ ಸಂಭಾಳಿಸಬೇಕು. ಸವಾರಿ ಶುರುವಾಗುವ ಮೊದಲೇ ಅರ್ಧ ಸುಸ್ತಾಗಿರುತ್ತದೆ. ನಮಗೆ ಬೇಕಾದದ್ದು ಪಾರ್ಕಿನ ಇನ್ನೊಂದು ಬಾಗಿಲು, ಹಂಟಿಂಗ್ ಹಾಲೋ. 101 ಹೆದ್ದಾರಿಯಲ್ಲಿ ಗಿಲ್ರಾಯ್ ಹತ್ತಿರ ಲೀವ್ಸ್ಲಿ ರೋಡಿಗೆ ಇಳಿದು, ರೂಪ್ ರೋಡ್ ಹಿಡಿದು ಹೋದರೆ ಅದೇ ಮುಂದೆ ಗಿಲ್ರಾಯ್ ಹಾಟ್ ಸ್ಪ್ರಿಂಗ್ಸ್ ರೋಡ್ ಆಗುತ್ತದೆ. ಹಂಟಿಂಗ್ ಹಾಲೋ ಅಲ್ಲಿದೆ. ಟ್ರೇಲರ್ ತಿರುಗಿಸಲು ಜಾಗವಿದೆ. ಅಲ್ಲಿಂದ ದಾರಿ ಕಣಿವೆಯಲ್ಲಿ ಸಮತಟ್ಟಾಗಿ ಹೋಗುತ್ತದೆ, ಹಳ್ಳವನ್ನು ಮತ್ತೆ ಮತ್ತೆ ದಾಟುತ್ತದೆ. ಎರಡೂ ಕಡೆ ಕಡಿದಾದ ಬೆಟ್ಟ. ಮೊದಲ ಸಲ ಹೋಗುವವರು ಬೆಟ್ಟದ ತಂಟೆಗೆ ಹೋಗದೆ ಕಣಿವೆಯಲ್ಲೇ ಹೋಗಿ ಬರಲಿ. ನೀರಿಗೆ ಕಾಲಿಡಲು ಹೆದರುವ ಕುದುರೆಗೆ ಅಷ್ಟೇ ಸಾಕಷ್ಟು ಪಾಠ.

ಯಾವಾಗ ಹೋಗಬೇಕು? ಮಾರ್ಚ್, ಏಪ್ರಿಲ್. ಬೆಟ್ಟ ಹಸಿರಾಗಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ. ಬೇಸಿಗೆಯಲ್ಲಿ ಹಳ್ಳ ಒಣಗುತ್ತದೆ, ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟುವುದುಂಟು. ಜುಲೈ ರಜೆಯಲ್ಲಿ ಹೋಗೋಣ ಅಂತ ಮಕ್ಕಳು ಹಟ ಮಾಡಿದರೆ ಸಮುದ್ರದ ಕಡೆ ಕರೆದುಕೊಂಡು ಹೋಗಿ.

ಈಗ ನೀರಿನ ವಿಷಯ. ನನ್ನ ಪ್ರಕಾರ ಇಡೀ ದಿನದ ಲೆಕ್ಕ ಇದರ ಮೇಲೇ ನಿಂತಿದೆ. ದೊಡ್ಡ ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು, ಬೆವರಿದರೆ ಇನ್ನೂ ಜಾಸ್ತಿ. ಪಾರ್ಕಿನಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ಲಾಯದ ನಲ್ಲಿಯಿಂದಲೇ ಕ್ಯಾನು ತುಂಬಿಸಿಕೊಳ್ಳಿ. ಇನ್ನೊಂದು ಕಾರಣವೂ ಇದೆ. ಎಷ್ಟೋ ಕುದುರೆಗಳು ಹೊಸ ಊರಿನ ನೀರನ್ನು ಮೂಸಿ ನೋಡಿ ಮುಖ ತಿರುಗಿಸುತ್ತವೆ. ಕುಡಿದಿದೆಯೋ ಇಲ್ಲವೋ ತಿಳಿಯಲು ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಬಿಡಿ. ತಕ್ಷಣ ಸಮನಾಗಬೇಕು. ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ ಅರ್ಥ. ಆವತ್ತಿಗೆ ಸವಾರಿ ಸಾಕು.

ಜೀನು ಕಟ್ಟುವಾಗ ಕೆಲವು ಕುದುರೆ ಒಂದು ಆಟ ಆಡುತ್ತವೆ. ಹೊಟ್ಟೆಪಟ್ಟಿ ಬಿಗಿಯುವ ಹೊತ್ತಿಗೆ ಸರಿಯಾಗಿ ಮೈ ಉಬ್ಬಿಸಿ ನಿಲ್ಲುತ್ತವೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಉಸಿರು ಬಿಟ್ಟು ಪಟ್ಟಿ ಸಡಿಲ! ಆದ್ದರಿಂದ ಹತ್ತುವ ಮುಂಚೆ ಒಂದು ಸಲ, ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಸಲ ಬಿಗಿಯಿರಿ. ಗೊರಸಿನಲ್ಲಿ ಕಲ್ಲು ಸಿಕ್ಕಿದೆಯಾ, ಲಾಳ ಅಲ್ಲಾಡುತ್ತಿದೆಯಾ ಅಂತ ಹಿಂದಿನ ದಿನವೇ ನೋಡಿಡಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ. ಹಿಮ್ಮಡಿ ಇರುವ ಬೂಟು ಹಾಕಿ, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ, ಅಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಯೊಳಗೆ, ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊಬೈಲನ್ನು ಜೀನಿನ ಚೀಲದಲ್ಲಿ ಇಡಬೇಡಿ, ಜೇಬಿನಲ್ಲಿರಲಿ. ನೀವು ಬಿದ್ದು ಕುದುರೆ ಓಡಿಹೋದರೆ ಮೊಬೈಲೂ ಅದರ ಜೊತೆ ಹೋಗುತ್ತದೆ, ಅಲ್ವಾ? ಹಾಗಂತ ಪಾರ್ಕಿನೊಳಗೆ ಎಷ್ಟೋ ಕಡೆ ಸಿಗ್ನಲ್ ಇಲ್ಲ. ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಹೊರಡಿ.

ದಾರಿಯಲ್ಲಿ ಸೈಕಲ್ಲಿನವರು, ನಡೆಯುವವರು ಕುದುರೆಗೆ ದಾರಿ ಬಿಡಬೇಕು ಅನ್ನುವುದು ಇಲ್ಲಿನ ರೂಢಿ. ಆದರೂ ನೀವೇ ಮೊದಲು ಮಾತಾಡಿಸಿ. ಬೆನ್ನಿಗೆ ದೊಡ್ಡ ಚೀಲ ಹೊತ್ತು ಸುಮ್ನೆ ನಿಂತವನು ಕುದುರೆಯ ಕಣ್ಣಿಗೆ ಮನುಷ್ಯನ ಹಾಗೆ ಕಾಣುವುದಿಲ್ಲ. ಅವನು ಬಾಯಿಬಿಟ್ಟು ಹಲೋ ಅಂದರೆ ಅದಕ್ಕೆ ಸಮಾಧಾನ. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುತ್ತಾರೆ. ಅದು ಕಂಡರೆ ದೂರವಿರಿ.

ದಾರಿ ಪಕ್ಕದಲ್ಲಿ ಕುದುರೆಯನ್ನು ಮೇಯಲು ಬಿಡಬೇಡಿ. ಯೆಲ್ಲೋ ಸ್ಟಾರ್ ಥಿಸಲ್ ಅಂತ ಹಳದಿ ಹೂವಿನ ಒಂದು ಮುಳ್ಳುಗಿಡ ಇದೆ. ಕ್ಯಾಲಿಫೋರ್ನಿಯಾ ತುಂಬ ಹಬ್ಬಿರುವ ಕಳೆ. ಅದನ್ನೇ ತಿಂಗಳುಗಟ್ಟಲೆ ತಿಂದ ಕುದುರೆಯ ಮೆದುಳು ಕೆಟ್ಟು ಅಗಿಯಲು ಬಾರದಂತಾಗುತ್ತದೆ, ಅದಕ್ಕೆ ಮದ್ದಿಲ್ಲ. ಒಂದು ಬಾಯಿ ತಿಂದರೆ ಏನೂ ಆಗದು, ಆದರೆ ಆ ರುಚಿ ಹತ್ತುವುದು ಬೇಡ. ಪಾಯಿಸನ್ ಓಕ್ ಅನ್ನುವ ತುರಿಕೆ ಗಿಡದ ಕಥೆ ಉಲ್ಟಾ. ಕುದುರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಅದರ ಮೈಗೆ ಅಂಟಿದ ಎಣ್ಣೆ ನಮ್ಮ ಕೈಗೆ ಹತ್ತಿ ಎರಡು ದಿನದ ಮೇಲೆ ತುರಿಕೆ. ವಾಪಸ್ ಬಂದು ಮೈ ಉಜ್ಜುವಾಗ ಕೈಗವಸು ಹಾಕಿಕೊಳ್ಳಿ.

ಅರ್ಧ ಹೊತ್ತು ಕಳೆದ ತಕ್ಷಣ ತಿರುಗಬೇಡಿ, ಅದಕ್ಕೂ ಮುಂಚೆಯೇ ತಿರುಗಿ. ದಣಿದ ಕುದುರೆ ವಾಪಸ್ ಬರುವಾಗ ನಿಧಾನ. ಟ್ರೇಲರ್ ಹತ್ತಿರ ಬಂದ ಮೇಲೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ಕಟ್ಟಿ, ನೀರು ಕುಡಿಸಿ, ಉಸಿರು ಇಳಿಯುವವರೆಗೆ ಕಾಯಿರಿ. ಎರಡು ಕುದುರೆ ಹಿಡಿಸುವ ಟ್ರೇಲರಿನಲ್ಲಿ ಒಂದೇ ಕುದುರೆ ಇದ್ದರೆ ಡ್ರೈವರ್ ಕೂರುವ ಬದಿಗೇ, ಅಂದರೆ ಎಡಗಡೆಗೆ, ಹತ್ತಿಸಿ. ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ ಹಾಗೆ ತೂಕ ಸಮನಾಗಿ ನಿಲ್ಲುತ್ತದೆ. ಲದ್ದಿ, ಉಳಿದ ಹುಲ್ಲು ಎಲ್ಲ ಗುಡಿಸಿ ಟ್ರೇಲರಿಗೇ ತುಂಬಿಕೊಂಡು ಹೋಗಿ. ಲಾಯ ತಲುಪಿದ ಮೇಲೆ ಬಾಲದ ಬುಡ, ತೊಡೆಯ ಸಂದು, ದವಡೆಯ ಕೆಳಗೆ ಬೆರಳಾಡಿಸಿ ರಕ್ತ ಹೀರುವ ಉಣ್ಣೆ ಹುಳ (ಟಿಕ್) ಇದೆಯಾ ಹುಡುಕಿ. ನಿಮ್ಮ ಕಾಲುಚೀಲದ ಒಳಗೂ ನೋಡಿಕೊಳ್ಳಿ.

ನಮಸ್ಕಾರ.