ಯಾರಿಗೆ ಕಾಣಿಸ್ತಿಲ್ಲ? ಹಳೇ ಕಂಪ್ಯೂಟರ್‌ಗೆ ಹೊಸ ಹಾರ್ಡ್ ಡಿಸ್ಕ್

ಎಲ್ಲರಿಗೂ ನಮಸ್ಕಾರ.

ಹಳೇ ಕಂಪ್ಯೂಟರ್‌ಗೆ ಹೊಸ ಹಾರ್ಡ್ ಡಿಸ್ಕ್ ಹಾಕಿದೆ, ಕಾಣಿಸ್ತಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಯಾರಿಗೆ ಕಾಣಿಸ್ತಿಲ್ಲ? ನಿಮಗಾ, ವಿಂಡೋಸ್‌ಗಾ, ಬಯಾಸ್‌ಗಾ? (ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ, ವಿಂಡೋಸ್‌ಗೂ ಮುಂಚೆ ಓಡುವ ಮದರ್‌ಬೋರ್ಡ್‌ನ ಪುಟ್ಟ ಪ್ರೋಗ್ರಾಂ.)

ತಲೆಹರಟೆ ಪ್ರಶ್ನೆ ಅನ್ನಿಸಬಹುದು. ಆದರೆ ಅರ್ಧ ಉತ್ತರ ಅದರಲ್ಲೇ ಇದೆ. ಡಿಸ್ಕ್‌ಗೆ ಕರೆಂಟ್ ಸಿಗಬೇಕು. ಆಮೇಲೆ ಮದರ್‌ಬೋರ್ಡ್ ಜೊತೆ ಅದು ಮಾತಾಡಬೇಕು. ಬಯಾಸ್ ಅದರ ಹೆಸರು, ಅಳತೆ ಕೇಳಿ ತಿಳಿದುಕೊಳ್ಳಬೇಕು. ಮುಂದೆ ವಿಂಡೋಸ್‌ನ ಡ್ರೈವರ್, ಅಂದರೆ ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶ, ಅದನ್ನು ಹಿಡಿಯಬೇಕು. ಕೊನೆಗೆ ಪಾರ್ಟಿಷನ್ (ಡಿಸ್ಕ್‌ನಲ್ಲಿ ಮಾಡುವ ವಿಭಾಗ), ಫಾರ್ಮ್ಯಾಟ್, ಡ್ರೈವ್ ಲೆಟರ್ (ಸಿ, ಡಿ ಅನ್ನುವ ಅಕ್ಷರ). ಇಷ್ಟೂ ಆದಮೇಲೆ ಮಾತ್ರ ನಮ್ಮ ಕಣ್ಣಿಗೆ ಒಂದು ಐಕಾನ್ ಕಾಣುತ್ತದೆ. ನಡುವೆ ಎಲ್ಲಿ ಕೈಕೊಟ್ಟರೂ ನಾವು ಹೇಳುವುದು ಅದೇ ಮಾತು, ಕಾಣಿಸ್ತಿಲ್ಲ ಅಂತ. ಎಲ್ಲಿ ನಿಂತಿದೆ ಅಂತ ನೋಡದೆ ಕೇಬಲ್ ಬದಲಿಸುವುದು, ವಿಂಡೋಸ್ ಮತ್ತೆ ಹಾಕುವುದು, ಡಿಸ್ಕ್ ವಾಪಸ್ ಕೊಡುವುದು ಎಲ್ಲಾ ಸುಮ್ನೆ ಅಲೆದಾಟ.

ಹಾಗಾಗಿ ಮೊದಲ ಕೆಲಸ ಬಯಾಸ್ ಒಳಗೆ ಹೋಗಿ ನೋಡುವುದು. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ. ಅಲ್ಲಿ ಡಿಸ್ಕ್‌ಗಳ ಪಟ್ಟಿ ಇರುತ್ತದೆ. ಹೊಸ ಡಿಸ್ಕ್‌ನ ಮಾಡೆಲ್ ನಂಬರ್ ಅಲ್ಲಿ ಇದೆಯಾ, ಇಲ್ಲವಾ? ಇದೊಂದು ನೋಡಿದರೆ ದಾರಿ ಎರಡಾಗಿ ಕವಲೊಡೆಯುತ್ತದೆ.

ಅಲ್ಲಿ ಇದೆ ಅಂದರೆ ಖುಷಿಪಡಿ. ಕೆಲಸ ಹೆಚ್ಚೂಕಡಿಮೆ ಮುಗಿದ ಹಾಗೆ. ಬಿಡಿಯಾಗಿ ಕೊಂಡ ಹೊಸ ಡಿಸ್ಕ್ ಸಾಮಾನ್ಯವಾಗಿ ಪೂರ್ತಿ ಖಾಲಿ ಇರುತ್ತದೆ. ಖಾಲಿ ಅಂದರೆ ಫೈಲ್ ಇಲ್ಲ ಅಂತ ಅಷ್ಟೇ ಅಲ್ಲ, ಪಾರ್ಟಿಷನ್ ಕೂಡ ಇಲ್ಲ. ಅಂಥದ್ದನ್ನು ವಿಂಡೋಸ್ ಮೈ ಕಂಪ್ಯೂಟರ್‌ನಲ್ಲಿ ತೋರಿಸುವುದಿಲ್ಲ. ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್ ಅಂತ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆಯಿರಿ. ಕೆಳಗಡೆ ಕಪ್ಪು ಪಟ್ಟಿಯ ಡಿಸ್ಕ್ ಒಂದು ಕೂತಿರುತ್ತದೆ. ಅದನ್ನು ಇನಿಶಿಯಲೈಸ್ ಮಾಡಿ, ಹೊಸ ವಾಲ್ಯೂಮ್ ಮಾಡಿ, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿದರೆ ಆಯಿತು. ಹಾಳಾಗಿದೆ ಅಂತ ಬದಿಗಿಟ್ಟ ಎಷ್ಟೋ ಡಿಸ್ಕ್‌ಗಳಿಗೆ ಇದಕ್ಕಿಂತ ದೊಡ್ಡ ರೋಗ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಮಾತು ನಿಜಕ್ಕೂ ಹೊಸದಾದ ಡಿಸ್ಕ್‌ಗೆ ಮಾತ್ರ. ಬೇರೆ ಕಂಪ್ಯೂಟರ್‌ನಿಂದ ಬಿಚ್ಚಿ ತಂದ, ಒಳಗೆ ಫೋಟೋ ಗೀಟೋ ಇರುವ ಡಿಸ್ಕ್ ಆಗಿದ್ದರೆ, ಇನಿಶಿಯಲೈಸ್ ಮಾಡಲಾ, ಫಾರ್ಮ್ಯಾಟ್ ಮಾಡಲಾ ಅಂತ ವಿಂಡೋಸ್ ಎಷ್ಟೇ ವಿನಯದಿಂದ ಕೇಳಿದರೂ ಬೇಡ ಅನ್ನಿ.

ಇನ್ನೊಂದು ಸಣ್ಣ ವಿಷಯ, ಯಾಕಂದರೆ ಇದನ್ನೂ ಜನ ದೂರಾಗಿ ತರುತ್ತಾರೆ. 1 ಟಿಬಿ ಡಿಸ್ಕ್ 931 ಜಿಬಿ ಅಂತ ಕಾಣಿಸಿದರೆ ಅದು ದೋಷ ಅಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಯಾರೂ ಕದ್ದಿಲ್ಲ.

ಈಗ ಇನ್ನೊಂದು ಕವಲು. ಬಯಾಸ್‌ಗೇ ಕಾಣಿಸ್ತಿಲ್ಲ.

ಕಿವಿ ಕೊಡಿ. ಡಿಸ್ಕ್ ತಿರುಗುವ ಸದ್ದು ಬರುತ್ತಿದೆಯಾ? ಫ್ಯಾನ್ ಸದ್ದಿನಲ್ಲಿ ಗೊತ್ತಾಗದಿದ್ದರೆ ಬೆರಳ ತುದಿಯಿಂದ ಡಿಸ್ಕ್‌ನ ಬದಿಯನ್ನು ಮೆತ್ತಗೆ ಮುಟ್ಟಿ, ನಡುಕ ತಿಳಿಯುತ್ತದೆ. ಎಸ್‌ಎಸ್‌ಡಿ ಆದರೆ ಈ ಪರೀಕ್ಷೆ ಇಲ್ಲ, ಅದರಲ್ಲಿ ತಿರುಗುವುದು ಏನೂ ಇಲ್ಲ. ತಿರುಗುತ್ತಿಲ್ಲ ಅಂದರೆ ಕರೆಂಟ್ ಕಡೆ ನೋಡಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಬೇರೆ ಪವರ್ ಕನೆಕ್ಟರ್ ಹಾಕಿ ನೋಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್ ಲೈನ್‌ನಿಂದ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ಸುಸ್ತಾದ ಹಳೇ ಪವರ್ ಸಪ್ಲೈಗೆ ಅದೇ ಭಾರ ಆಗಬಹುದು.

ಕರೆಂಟ್ ವಿಷಯದಲ್ಲೇ ಒಂದು ವಿಚಿತ್ರ ಇದೆ. ಇದು ಗೊತ್ತಿಲ್ಲದಿದ್ದರೆ ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆಯುವುದಿಲ್ಲ. ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಪದ್ಧತಿಗೆ ಸಾಟಾ ಅಂತ ಹೆಸರು. ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್ ಇವೆ. ಹಳೇ ನಿಯಮದ ಪ್ರಕಾರ ಮೊದಲ ಮೂರು ಪಿನ್‌ಗೆ 3.3 ವೋಲ್ಟ್. 2016ರಲ್ಲಿ ಬಂದ ಸಾಟಾ ನಿಯಮದ 3.3 ಆವೃತ್ತಿಯಲ್ಲಿ ಮೂರನೇ ಪಿನ್‌ಗೆ ಬೇರೆ ಕೆಲಸ ಕೊಟ್ಟರು. ಅಲ್ಲಿ ವೋಲ್ಟೇಜ್ ಬಂದರೆ ಡಿಸ್ಕ್ ಮಲಗಿರಬೇಕು ಅಂತ. ನೂರಾರು ಡಿಸ್ಕ್ ಇರುವ ಸರ್ವರ್ ಕೋಣೆಗಳಲ್ಲಿ, ಹ್ಯಾಂಗ್ ಆದ ಒಂದು ಡಿಸ್ಕನ್ನು ದೂರದಿಂದಲೇ ಆಫ್ ಮಾಡಿ ಆನ್ ಮಾಡಲು ಇದು ಅನುಕೂಲ. ಆದರೆ ಅಂಥ ಡಿಸ್ಕ್ ನಮ್ಮ ಹಳೇ ಪವರ್ ಸಪ್ಲೈಗೆ ಬಂದರೆ? ಆ ಪಿನ್‌ನಲ್ಲಿ ಸದಾ 3.3 ವೋಲ್ಟ್ ಇರುತ್ತದೆ. ಡಿಸ್ಕ್‌ಗೆ ಏಳಬೇಡ ಅಂತ ಬಿಡದೆ ಹೇಳಿದಂತಾಗುತ್ತದೆ. ಡಿಸ್ಕ್ ಚೆನ್ನಾಗಿದೆ, ಪವರ್ ಸಪ್ಲೈಯೂ ಚೆನ್ನಾಗಿದೆ, ಆದರೂ ಪೂರ್ತಿ ನಿಶ್ಶಬ್ದ.

ಸರ್ವರ್‌ಗೆ ಮಾಡಿದ ದೊಡ್ಡ ಡಿಸ್ಕ್‌ಗಳಲ್ಲಿ, ಎಕ್ಸ್‌ಟರ್ನಲ್ ಡ್ರೈವ್ ಒಡೆದು ತೆಗೆದ ಕೆಲವು ಡಿಸ್ಕ್‌ಗಳಲ್ಲಿ ಇದು ಸಿಗುತ್ತದೆ. ಪರಿಹಾರ ಸುಲಭ. ನಾಲ್ಕು ಪಿನ್‌ನ ಹಳೇ ಮೋಲೆಕ್ಸ್ ಕನೆಕ್ಟರ್‌ನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುತ್ತದೆ, 3.3 ಇರುವುದೇ ಇಲ್ಲ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಿದರೆ ಡಿಸ್ಕ್ ಎದ್ದು ಕೂರುತ್ತದೆ. ಇಲ್ಲವೇ ಮೂರನೇ ಪಿನ್ ಮೇಲೆ ಕರೆಂಟ್ ಹರಿಯಗೊಡದ ಕ್ಯಾಪ್ಟಾನ್ ಟೇಪ್‌ನ ಸಣ್ಣ ಚೂರು ಅಂಟಿಸುವವರಿದ್ದಾರೆ. ಅಡಾಪ್ಟರ್ ತರುವಾಗ ಮಾತ್ರ ನೋಡಿ ತನ್ನಿ. ವೈರ್‌ಗಳನ್ನು ಪ್ಲಾಸ್ಟಿಕ್ ಒಳಗೆ ಎರಕ ಹಾಕಿ ಮುಚ್ಚಿದ ಅಗ್ಗದ ಅಡಾಪ್ಟರ್‌ಗಳು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳಿವೆ. ವೈರ್‌ಗಳು ಒಂದೊಂದಾಗಿ ಹೊರಗೆ ಕಾಣುವ, ಕ್ರಿಂಪ್ ಮಾಡಿದ ಮಾದರಿ ವಾಸಿ.

ಡಿಸ್ಕ್ ತಿರುಗುತ್ತಿದೆ, ಬಯಾಸ್ ಮಾತ್ರ ಒಪ್ಪುತ್ತಿಲ್ಲ ಅಂದರೆ ಡೇಟಾ ಕೇಬಲ್ ಮತ್ತು ಪೋರ್ಟ್ ಬದಲಿಸಿ. ಈಗಾಗಲೇ ಕೆಲಸ ಮಾಡುತ್ತಿರುವ ಡಿಸ್ಕ್‌ನ ಕೇಬಲನ್ನೇ ಕಿತ್ತು ಇದಕ್ಕೆ ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಆ ಪೋರ್ಟ್, ಆ ಕೇಬಲ್ ಸರಿಯಿದೆ ಅಂತ ಮೊದಲೇ ಗೊತ್ತಿರುತ್ತದಲ್ವಾ? ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಪೋರ್ಟ್ ಬೇರೆ ಬಣ್ಣದಲ್ಲಿರುತ್ತವೆ. ಅವು ಬೇರೆ ಚಿಪ್‌ಗೆ ಸೇರಿದವು ಆಗಿರಬಹುದು. ಬಯಾಸ್‌ನಲ್ಲಿ ಆ ಚಿಪ್ ಡಿಸೇಬಲ್ ಆಗಿದ್ದರೆ ಅಲ್ಲಿ ಏನು ಹಾಕಿದರೂ ಕಾಣುವುದಿಲ್ಲ.

ಇನ್ನೂ ಹಳೇ, ಅಗಲ ರಿಬ್ಬನ್ ಕೇಬಲ್‌ನ ಐಡಿಇ ಕಾಲದ ಯಂತ್ರವಾದರೆ ಜಂಪರ್ ನೋಡಿ. ಜಂಪರ್ ಅಂದರೆ ಡಿಸ್ಕ್ ಹಿಂದಿನ ಎರಡು ಪಿನ್ ಸೇರಿಸುವ ಪುಟ್ಟ ಕ್ಲಿಪ್. ಒಂದೇ ಕೇಬಲ್‌ನ ಎರಡು ಡಿಸ್ಕ್‌ಗಳಲ್ಲಿ ಮೊದಲನೆಯದು (ಮಾಸ್ಟರ್) ಯಾವುದು, ಎರಡನೆಯದು (ಸ್ಲೇವ್) ಯಾವುದು ಅಂತ ಅದು ಹೇಳುತ್ತದೆ. ಒಂದೇ ಕೇಬಲ್‌ನಲ್ಲಿ ಎರಡು ಮಾಸ್ಟರ್ ಅಥವಾ ಎರಡು ಸ್ಲೇವ್ ಇದ್ದರೆ ಎರಡೂ ಮಾಯವಾಗಬಹುದು. 80 ವೈರ್‌ನ ಕೇಬಲ್‌ನಲ್ಲಿ ನೀಲಿ ತುದಿ ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ.

ಒಂದು ಲಕ್ಷಣ ನೆನಪಿಡಿ. ಕಂಪ್ಯೂಟರ್ ಆನ್ ಮಾಡಿದಾಗ ಡಿಸ್ಕ್ ಇಲ್ಲ, ಆದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ಇದು ಆತುರದ ಬಯಾಸ್. ಡಿಸ್ಕ್ ಪೂರ್ತಿ ವೇಗಕ್ಕೆ ಬರುವ ಮುಂಚೆಯೇ ಹಾಜರಿ ಕರೆದು ಮುಗಿಸಿಬಿಟ್ಟಿದೆ. ಬಯಾಸ್‌ನಲ್ಲಿ ಕ್ವಿಕ್ ಬೂಟ್ ಆಫ್ ಮಾಡಿ. ಡಿಲೇ ಅನ್ನುವ ಆಯ್ಕೆ ಇದ್ದರೆ ಕೆಲವು ಸೆಕೆಂಡ್ ಜಾಸ್ತಿ ಕೊಡಿ.

ವೇಗ ಹೊಂದದಿದ್ದರೂ ಡಿಸ್ಕ್ ಕಾಣದೇ ಹೋಗಬಹುದು. 2003ರಲ್ಲಿ ಸಾಟಾ ಬಂದಾಗ ಅದರ ವೇಗ ಸೆಕೆಂಡಿಗೆ 1.5 ಗಿಗಾಬಿಟ್. ಆಮೇಲೆ 3 ಆಯಿತು, 2009ರಲ್ಲಿ 6 ಆಯಿತು. ಹೊಸ ಡಿಸ್ಕ್ ಹಳೇ ಪೋರ್ಟ್ ಸಿಕ್ಕಾಗ ತಾನಾಗಿಯೇ ವೇಗ ಇಳಿಸಿ ಹೊಂದಿಕೊಳ್ಳಬೇಕು. ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ ಕೂಡ. ಆದರೆ ವಿಐಎ ಕಂಪನಿಯ ವಿಟಿ8237, ವಿಟಿ6420, ವಿಟಿ6421ಎಲ್, ಎಸ್‌ಐಎಸ್ ಕಂಪನಿಯ 964, ಇಂಥ ಆ ಕಾಲದ ಕೆಲವು ಚಿಪ್‌ಗಳಿಗೆ ಈ ಮಾತುಕತೆಯೇ ಬರುವುದಿಲ್ಲ. ಡಿಸ್ಕ್ ಜೋರಾಗಿ ಮಾತು ಶುರುಮಾಡುತ್ತದೆ, ಚಿಪ್‌ಗೆ ಏನೂ ಅರ್ಥವಾಗದೆ ಸುಮ್ಮನಿರುತ್ತದೆ. ಆಗ ಡಿಸ್ಕನ್ನೇ 1.5ಕ್ಕೆ ಕಟ್ಟಿಹಾಕಬೇಕು. ಅನೇಕ 3.5 ಇಂಚಿನ ಡಿಸ್ಕ್‌ಗಳ ಹಿಂದೆ ಇದಕ್ಕೆ ಜಂಪರ್ ಜಾಗ ಇತ್ತು. ವೆಸ್ಟರ್ನ್ ಡಿಜಿಟಲ್ ಡಿಸ್ಕ್‌ಗಳಲ್ಲಿ 5 ಮತ್ತು 6ನೇ ಪಿನ್ ಸೇರಿಸಬೇಕು. ಬೇರೆ ಕಂಪನಿಯದ್ದಾದರೆ ಅದರ ಲೇಬಲ್ ನೋಡಿ. ಈ ಸೌಲಭ್ಯವೇ ಇಲ್ಲದ ಡಿಸ್ಕ್ ಆದರೆ ಆ ಪೋರ್ಟ್ ಜೊತೆ ಗುದ್ದಾಡುವುದು ಬಿಟ್ಟುಬಿಡಿ. ಬೇರೆ ದಾರಿ ಆಮೇಲೆ ಹೇಳುತ್ತೇನೆ.

ಈಗ ನನಗೆ ಇಷ್ಟವಾದ ಭಾಗ, ಅಳತೆಯ ಗೋಡೆಗಳು. ಹಳೇ ಕಂಪ್ಯೂಟರ್‌ಗೆ ಒಂದು ಮಿತಿಯ ಆಚೆ ಎಣಿಸಲು ಬರುವುದಿಲ್ಲ. ಡಿಸ್ಕ್ ಮೇಲೆ ಸೆಕ್ಟರ್ ಅನ್ನುವ ತುಂಡುಗಳಿವೆ, ತಲಾ 512 ಬೈಟ್. ಪ್ರತಿ ಸೆಕ್ಟರ್‌ಗೂ ಒಂದು ನಂಬರ್. ಆ ನಂಬರ್ ಬರೆಯಲು ಎಷ್ಟು ಬಿಟ್ ಜಾಗ ಇಟ್ಟಿದ್ದಾರೋ ಅಷ್ಟೇ ದೂರ ಹೋಗಬಹುದು.

528 ಎಂಬಿ, 8.4 ಜಿಬಿ ಗೋಡೆಗಳು ಈಗ ಮ್ಯೂಸಿಯಂ ಸಾಮಾನು, ಬಿಡಿ. 33.8 ಜಿಬಿಯದ್ದು ಸ್ವಲ್ಪ ಮಜವಾಗಿದೆ. 1999ರ ಮುಂಚಿನ, ಅವಾರ್ಡ್ ಕಂಪನಿಯ ಕೆಲವು ಬಯಾಸ್‌ಗಳು ಇದಕ್ಕಿಂತ ದೊಡ್ಡ ಡಿಸ್ಕ್ ಕಂಡರೆ ಅಲ್ಲೇ ಹ್ಯಾಂಗ್ ಆಗುತ್ತಿದ್ದವು. ಅದಕ್ಕೆ ಡಿಸ್ಕ್ ಕಂಪನಿಗಳು ಒಂದು ಜಂಪರ್ ಕೊಟ್ಟವು. ಹಾಕಿದರೆ ಡಿಸ್ಕ್ ತಾನು 32 ಜಿಬಿ ಮಾತ್ರ ಅಂತ ಸುಳ್ಳು ಹೇಳುತ್ತದೆ. ಆ ಜಂಪರ್ ತೆಗೆಯಲು ಮರೆತ ಹಳೇ ಐಡಿಇ ಡಿಸ್ಕ್ ಸಿಕ್ಕರೆ ಗಾಬರಿಯಾಗಬೇಡಿ.

ಇವತ್ತಿಗೂ ಕಾಡುವ ಗೋಡೆಗಳು ಎರಡು. ಮೊದಲನೆಯದು 137 ಜಿಬಿ. ಡಿಸ್ಕ್ ಜೊತೆ ಮಾತಾಡುವ ಹಳೇ ಎಟಿಎ ಪದ್ಧತಿಯಲ್ಲಿ ಸೆಕ್ಟರ್ ನಂಬರ್‌ಗೆ 28 ಬಿಟ್. ಅಂದರೆ ಸುಮಾರು 26.8 ಕೋಟಿ ಸೆಕ್ಟರ್. ಗುಣಿಸಿದರೆ 137 ಜಿಬಿ, ವಿಂಡೋಸ್ ಲೆಕ್ಕದಲ್ಲಿ 128. ಮುಂದೆ ಎಟಿಎ-6ರಲ್ಲಿ ಇದನ್ನು 48 ಬಿಟ್ ಮಾಡಿದರು. ವಿಂಡೋಸ್ ಎಕ್ಸ್‌ಪಿಗೆ ಇದು ಬಂದದ್ದು 2002ರ ಸರ್ವಿಸ್ ಪ್ಯಾಕ್ 1ರಲ್ಲಿ. ಎರಡನೆಯದು 2.2 ಟಿಬಿ. ಎಂಬಿಆರ್ ಅನ್ನುವ ಹಳೇ ಪಾರ್ಟಿಷನ್ ಪಟ್ಟಿಯಲ್ಲಿ 32 ಬಿಟ್ ಇವೆ, 429 ಕೋಟಿ ಸೆಕ್ಟರ್‌ಗೆ ಲೆಕ್ಕ ಮುಗಿಯಿತು. ಅದಕ್ಕಿಂತ ದೊಡ್ಡದಕ್ಕೆ ಜಿಪಿಟಿ ಅನ್ನುವ ಹೊಸ ಪಾರ್ಟಿಷನ್ ಪಟ್ಟಿ ಬೇಕು. 32 ಬಿಟ್‌ನ ಎಕ್ಸ್‌ಪಿಗೆ ಜಿಪಿಟಿ ಓದಲು ಬರುವುದಿಲ್ಲ. ವಿಂಡೋಸ್ ವಿಸ್ತಾದಿಂದ ಮುಂದಕ್ಕೆ ಡೇಟಾ ಇಡುವ ಡಿಸ್ಕ್ ಆಗಿ ಜಿಪಿಟಿ ನಡೆಯುತ್ತದೆ. ಆದರೆ ಅದರಿಂದ ವಿಂಡೋಸ್ ಬೂಟ್ ಆಗಬೇಕಾದರೆ ಹಳೇ ಬಯಾಸ್ ಸಾಲದು, ಅದರ ಜಾಗಕ್ಕೆ ಬಂದ ಯುಇಎಫ್‌ಐ ಬೇಕು.

ಗೋಡೆ ಸಿಕ್ಕಾಗ ಡಿಸ್ಕ್ ಕಾಣಿಸದೇ ಹೋದರೆ ಒಳ್ಳೆಯದೇ. ಅಪಾಯ ಇರುವುದು ಅರ್ಧಂಬರ್ಧ ಕಾಣಿಸಿದಾಗ. 3 ಟಿಬಿ ಡಿಸ್ಕ್ ಹಾಕಿದರೆ 746 ಜಿಬಿ ಅಂತ ತೋರಿಸುವುದನ್ನು ನೀವು ಕಂಡಿರಬಹುದು. ಹಳೇ ಸ್ಕೂಟರ್ ಮೀಟರ್ ಕೊನೆಯ ಅಂಕಿ ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದಲ್ಲ, ಹಾಗೆಯೇ 32 ಬಿಟ್ ತುಂಬಿ ಉಳಿದದ್ದಷ್ಟೇ ಕಾಣಿಸುತ್ತಿದೆ. ಹೋಗಲಿ, ಇಷ್ಟಾದರೂ ಸಿಕ್ಕಿತಲ್ಲ ಅಂತ ಬಳಸಲು ಶುರುಮಾಡಬೇಡಿ. ಲೆಕ್ಕ ತಪ್ಪುವ ಡ್ರೈವರ್, ಕೊನೆಗೆ ಬರೆಯಬೇಕಾದ್ದನ್ನು ಡಿಸ್ಕ್‌ನ ಶುರುವಿನಲ್ಲಿ ಬರೆದುಬಿಡಬಹುದು. ಅಲ್ಲೇ ಪಾರ್ಟಿಷನ್ ಪಟ್ಟಿ ಇರುವುದು. ಕಾಣಿಸದ ಡಿಸ್ಕ್‌ಗಿಂತ ತಪ್ಪು ಅಳತೆ ತೋರಿಸುವ ಡಿಸ್ಕ್‌ಗೆ ನಾನು ಜಾಸ್ತಿ ಹೆದರುತ್ತೇನೆ.

ಇಲ್ಲೊಂದು ಸಮಾಧಾನವೂ ಇದೆ. ಲಿನಕ್ಸ್‌ಗೂ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಈಚಿನ ವಿಂಡೋಸ್‌ಗಳಿಗೂ ಒಮ್ಮೆ ಶುರುವಾದ ಮೇಲೆ ಬಯಾಸ್‌ನ ಹಂಗಿಲ್ಲ, ಅವು ನೇರವಾಗಿ ಕಂಟ್ರೋಲರ್, ಅಂದರೆ ಡಿಸ್ಕ್ ನಡೆಸುವ ಚಿಪ್ ಜೊತೆ ಮಾತಾಡುತ್ತವೆ. ಹಾಗಾಗಿ ಬಯಾಸ್ ತಪ್ಪು ಅಳತೆ ತೋರಿಸಿದರೂ ಲಿನಕ್ಸ್ ಪೂರ್ತಿ ಡಿಸ್ಕ್ ನೋಡಬಹುದು. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನೋಡುವುದು ನಾನು ಎಲ್ಲರಿಗೂ ಹೇಳುವ ಪರೀಕ್ಷೆ. ಅಲ್ಲಿ ಸರಿಯಾಗಿ ಕಂಡರೆ ಡಿಸ್ಕ್, ಕೇಬಲ್, ಪೋರ್ಟ್ ಮೂರೂ ಚೆನ್ನಾಗಿವೆ. ತಕರಾರು ವಿಂಡೋಸ್ ಅಥವಾ ಬಯಾಸ್ ಕಡೆಯದ್ದು.

ಎಕ್ಸ್‌ಪಿ ಇನ್‌ಸ್ಟಾಲ್ ಮಾಡಲು ಹೋದರೆ ಹಾರ್ಡ್ ಡಿಸ್ಕೇ ಇಲ್ಲ ಅನ್ನುತ್ತದಾ? ಎಎಚ್‌ಸಿಐ ಅನ್ನುವುದು ಸಾಟಾ ಡಿಸ್ಕ್ ನಡೆಸುವ ಹೊಸ ರೀತಿ, ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಇಲ್ಲ. ಬಯಾಸ್‌ನಲ್ಲಿ ಸಾಟಾ ಮೋಡ್ ಅನ್ನು ಐಡಿಇಗೆ ಬದಲಿಸಿ. ಆದರೆ ಈಗಾಗಲೇ ವಿಂಡೋಸ್ ಇರುವ ಕಂಪ್ಯೂಟರ್‌ನಲ್ಲಿ ಈ ಸೆಟ್ಟಿಂಗ್ ಸುಮ್ನೆ ಮುಟ್ಟಿದರೆ ನೀಲಿ ಸ್ಕ್ರೀನ್ ಬರಬಹುದು. ಬಂದರೆ ಮೊದಲಿನ ಹಾಗೇ ಇಡಿ, ಸರಿಹೋಗುತ್ತದೆ.

ಎಂ.2, ಅಂದರೆ ಬೋರ್ಡ್‌ನ ಸ್ಲಾಟ್‌ಗೇ ನೇರ ಸಿಕ್ಕಿಸುವ ಪುಟ್ಟ ಎಸ್‌ಎಸ್‌ಡಿ, ಅದರ ಬಗ್ಗೆ ಎರಡೇ ಮಾತು. ಆಕಾರ ಒಂದೇ ಇದ್ದರೂ ಒಳಗೆ ಸಾಟಾ ಮತ್ತು ಎನ್‌ವಿಎಂಇ ಅಂತ ಎರಡು ಜಾತಿ. ಸಾಟಾ ಮಾತ್ರ ಗೊತ್ತಿರುವ ಸ್ಲಾಟ್‌ಗೆ ಎನ್‌ವಿಎಂಇ ಹಾಕಿದರೆ ಕಾಣುವುದಿಲ್ಲ. ಅದು ಹಾಳಾಗಿಲ್ಲ, ಜಾಗ ತಪ್ಪಿದೆ. ಇನ್ನು ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ ತುಂಬಿಸಿದರೆ ಒಂದೆರಡು ಸಾಟಾ ಪೋರ್ಟ್ ಆಫ್ ಆಗುತ್ತವೆ. ಹೊಸದು ಬಂತು, ಹಳೇದು ಹೋಯಿತು ಅಂತ ಕೆಲವರು ಹೇಳುವುದು ಇದಕ್ಕೇ.

ಆಮೇಲೆ ಹೇಳುತ್ತೇನೆ ಅಂದಿದ್ದ ಬೇರೆ ದಾರಿ ಯಾವುದು ಅಂದರೆ, ಸಣ್ಣ ಸಾಟಾ ಕಾರ್ಡ್. ಬೋರ್ಡ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದ್ದರೆ ಕಾರ್ಡ್ ಹಾಕಿ, ಡಿಸ್ಕನ್ನು ಅದಕ್ಕೆ ಸಿಕ್ಕಿಸಿ. ಬೋರ್ಡ್‌ನ ಹಳೇ ಚಿಪ್‌ನ ಸಹವಾಸವೇ ತಪ್ಪಿತು. ಆದರೆ ಆ ಕಾರ್ಡ್‌ಗೆ ನಿಮ್ಮ ವಿಂಡೋಸ್‌ನ ಡ್ರೈವರ್ ಸಿಗುತ್ತದಾ ಅಂತ ಮೊದಲೇ ನೋಡಿ. ಬರೀ ಬ್ಯಾಕಪ್‌ಗೆ ಡಿಸ್ಕ್ ಬೇಕಿದ್ದರೆ ಯುಎಸ್‌ಬಿ ಪೆಟ್ಟಿಗೆಯೇ ಸಾಕು. ಹಳೇ ಪೆಟ್ಟಿಗೆಗಳಿಗೂ 2.2 ಟಿಬಿ ಮಿತಿ ಇರಬಹುದು, ಅದೊಂದು ಗಮನದಲ್ಲಿರಲಿ.

ಕೊನೆಗೂ ಯಾವುದಕ್ಕೂ ಬಗ್ಗಲಿಲ್ಲ ಅಂದರೆ, ವಾಪಸ್ ಕೊಡುವ ಮುಂಚೆ ಹೊಸ ಕಂಪ್ಯೂಟರ್ ಒಂದಕ್ಕೆ ಡಿಸ್ಕ್ ಹಾಕಿ ನೋಡಿ. ಅಲ್ಲೂ ಕಾಣದಿದ್ದರೆ, ಅಥವಾ ಟಕ್ ಟಕ್ ಅಂತ ಬಿಡದೆ ಸದ್ದು ಮಾಡಿದರೆ, ವಾರಂಟಿಗೆ ಕಳಿಸಿ. ಹೊಸ ಡಿಸ್ಕ್‌ಗಳೂ ಸಾಯುತ್ತವೆ.

ಈಗ ನಿಮ್ಮ ಪ್ರಶ್ನೆಗಳು. ಕೇಳುವಾಗ ಬೋರ್ಡ್ ಯಾವುದು, ಡಿಸ್ಕ್ ಮಾಡೆಲ್ ಯಾವುದು, ಬಯಾಸ್ ಏನು ತೋರಿಸಿತು, ಈ ಮೂರನ್ನೂ ಮೊದಲು ಹೇಳಿ.