ಪಕ್ಕದಲ್ಲಿ ನಿವಾರಾ ಬಂದರೆ ಫ್ಲಾಟಿನ ರೇಟು ಬೀಳುತ್ತದಾ?

ಕೇಳುಗರಿಗೆ ನಮಸ್ಕಾರ.

ಮುಂಬೈಯ ಮಾಟುಂಗಾ, ವಡಾಲಾ ಕಡೆ ನಮ್ಮವರಿರುವ ಯಾವ ಸೊಸೈಟಿಯ ಮೀಟಿಂಗೇ ಆಗಲಿ, 'ಗಲ್ಲಿಯ ಮೂಲೆಯಲ್ಲಿ ಪಾಲಿಕೆಯವರು ಬೇಘರ್ ನಿವಾರಾ, ಅಂದರೆ ಮನೆಯಿಲ್ಲದವರ ಆಶ್ರಯ ಕೇಂದ್ರ, ತೆರೀತಾರಂತೆ' ಎಂದು ಒಬ್ಬರು ಅಂದರೆ ಸಾಕು. ಪಾರ್ಕಿಂಗ್ ಜಗಳವೂ ಮರೆತುಹೋಗುತ್ತದೆ. 'ಇನ್ನು ನಮ್ಮ ಫ್ಲಾಟಿಗೆ ರೇಟೇ ಬರಲ್ಲ' ಅನ್ನುವ ಮಾತು ಬಂದೇ ಬರುತ್ತದೆ. ಸಾಲದ ಕಂತು ಕಟ್ಟುತ್ತಿರುವವರಿಗೆ ಆ ಭಯ ಸಣ್ಣದಲ್ಲ. ಸುಮ್ನೆ ನಕ್ಕು ಬಿಡುವ ಹಾಗಿಲ್ಲ.

ರೇಟು ನಿಜಕ್ಕೂ ಬೀಳುತ್ತದಾ? ನ್ಯೂಯಾರ್ಕಿನಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಲೆಕ್ಕ ಸುಲಭದ್ದಲ್ಲ. ಇಂಥ ಕೇಂದ್ರಗಳು ಜಾಸ್ತಿ ಬರುವುದೇ ಜಾಗ ಅಗ್ಗವಿರುವ ಕಡೆ. ಆಮೇಲೆ 'ನೋಡಿ, ಇಲ್ಲಿ ರೇಟು ಕಮ್ಮಿ' ಅಂದರೆ ಏನು ಬಂತು? ಮೊದಲೇ ಕಮ್ಮಿ ಇತ್ತಲ್ಲ! ಹಾಗಾಗಿ ಕೇಂದ್ರ ತೆರೆಯುವ ಮುಂಚಿನ ಬೆಲೆ, ಆಮೇಲಿನ ಬೆಲೆ ಎರಡನ್ನೂ ನೋಡಬೇಕು. ಸ್ವಲ್ಪ ದೂರದ ಮನೆಗಳ ಜೊತೆ ಹೋಲಿಸಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫರ್ಮನ್ ಸೆಂಟರ್ 2008ರಲ್ಲಿ ಹೀಗೆ ನೋಡಿತು. ಅವರು ತೆಗೆದುಕೊಂಡಿದ್ದು ಸಪೋರ್ಟಿವ್ ಹೌಸಿಂಗ್, ಅಂದರೆ ಕಾಯಂ ಮನೆ, ಜೊತೆಗೆ ನೆರವಿಗೆ ಸಿಬ್ಬಂದಿ. 500 ಅಡಿಯೊಳಗಿನ ಮನೆಗಳ ಬೆಲೆ ಬೀಳಲಿಲ್ಲ, ಏರುತ್ತಲೇ ಹೋಯಿತು.

ಆದರೆ ಅದೇ ಊರಿನ ಬಜೆಟ್ ಕಚೇರಿ 2019ರಲ್ಲಿ ಮ್ಯಾನ್‌ಹ್ಯಾಟನ್ನಿನ ತಾತ್ಕಾಲಿಕ ಆಶ್ರಯ ಕೇಂದ್ರಗಳನ್ನು ನೋಡಿದಾಗ ಬೇರೆಯೇ ಕಂಡಿತು. 500 ಅಡಿಯೊಳಗಿನ ಮನೆಗಳು ಸ್ವಲ್ಪ ದೂರದ ಅಂಥದ್ದೇ ಮನೆಗಳಿಗಿಂತ ಶೇಕಡಾ 7ರಷ್ಟು ಕಮ್ಮಿಗೆ ಮಾರಾಟವಾಗಿದ್ದವು. ಹತ್ತಿರದಲ್ಲೇ ಒಂದಕ್ಕಿಂತ ಹೆಚ್ಚು ಕೇಂದ್ರ ಇದ್ದರೆ ಪೆಟ್ಟು ಇನ್ನೂ ಜೋರು.

ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಮಾತು. ಎಲ್ಲವನ್ನೂ ಒಂದೇ ಕಡೆ ತಂದು ಗುಡ್ಡೆ ಹಾಕಿದರೆ ಬೆಲೆ ಹೆಚ್ಚು ಬೀಳುತ್ತದೆ. ನಮ್ಮಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಲೆಕ್ಕ, ಲಕ್ಷ ಜನಕ್ಕೆ ಒಂದು ನಿವಾರಾ. 2011ರ ಜನಗಣತಿಯಲ್ಲಿ ಮುಂಬೈಯ ಜನಸಂಖ್ಯೆ 1.24 ಕೋಟಿ. ಅಂದರೆ ನೂರಿಪ್ಪತ್ತಕ್ಕೂ ಹೆಚ್ಚು ನಿವಾರಾ, ಊರ ತುಂಬಾ ಹರಡಿಕೊಂಡು. ಪ್ರತಿ ಸೊಸೈಟಿಯೂ 'ಇಲ್ಲಿ ಬೇಡ' ಅಂದರೆ ಏನಾಗುತ್ತದೆ? ದನಿ ಇಲ್ಲದವರ ಬಸ್ತಿಯ ಪಕ್ಕ ನಾಲ್ಕೈದು ಒಟ್ಟಿಗೆ ಬಂದು ಕೂರುತ್ತವೆ. ನಾವು ಹೆದರಿದ್ದು ಅವರ ತಲೆಗೆ.

ಇಲ್ಲಿ ಜನ ಬೇಡ ಅನ್ನುವುದು ಮನೆಯಿಲ್ಲದವರಿಗೆ ಮಾತ್ರವೂ ಅಲ್ಲ. ಟಾಟಾ ಆಸ್ಪತ್ರೆಗೆ ಬರುವ ಕ್ಯಾನ್ಸರ್ ರೋಗಿಗಳ ಕಡೆಯವರಿಗಾಗಿ 2021ರಲ್ಲಿ ರಾಜ್ಯದ ವಸತಿ ಮಂಡಳಿ ಮ್ಹಾಡಾ ಕರೀ ರೋಡಿನಲ್ಲಿ 100 ಫ್ಲಾಟು ಕೊಟ್ಟಿತು. ಅಲ್ಲಿನವರು ಒಪ್ಪಲಿಲ್ಲ. ಸರ್ಕಾರ ಅದನ್ನು ತಡೆದು ಬಾಂಬೆ ಡೈಯಿಂಗ್ ಮಿಲ್ಲಿನ ಜಾಗದಲ್ಲಿ ಬೇರೆ ಫ್ಲಾಟು ತೋರಿಸಿತು.

ಇನ್ನೊಂದು ವಿಷಯ. ಅದೇ ಜನಗಣತಿಯಲ್ಲಿ ಇಲ್ಲಿ ಮನೆಯಿಲ್ಲದವರು 57 ಸಾವಿರಕ್ಕೂ ಜಾಸ್ತಿ. ಅವರು ಹೊಸದಾಗಿ ಎಲ್ಲಿಂದಲೋ ಬರುವವರಲ್ಲ. ಫ್ಲೈಓವರ್ ಕೆಳಗೆ, ಅಂಗಡಿ ಮುಂದೆ ಮಲಗಿಯೇ ಇದ್ದಾರೆ. ಫ್ಲಾಟು ಕೊಳ್ಳಲು ಬಂದವರು ಅದನ್ನೆಲ್ಲ ನೋಡಿಕೊಂಡೇ ರೇಟು ಮಾತಾಡುವುದು, ಅಲ್ವಾ?

ಪಾಲಿಕೆಯವರು ಮಾತಾಡಲು ಬಂದರೆ ಬೇರೆ ಪ್ರಶ್ನೆ ಕೇಳಿ. ನಡೆಸುವವರು ಯಾರು? ರಾತ್ರಿ ಸಿಬ್ಬಂದಿ ಇರುತ್ತಾರಾ? ಸಂಡಾಸು ಎಷ್ಟು? ಹಗಲೂ ತೆರೆದಿರುತ್ತದಾ? ನಿಯಮದ ಪ್ರಕಾರ 24 ಗಂಟೆಯೂ ತೆರೆದಿರಬೇಕು. ಬೆಳಿಗ್ಗೆ ಬಾಗಿಲು ಹಾಕಿ ಎಲ್ಲರನ್ನೂ ಹೊರಗೆ ಕಳಿಸಿದರೆ ಅವರು ಕೂರುವುದು ನಿಮ್ಮ ಗೇಟಿನ ಮುಂದೆಯೇ. ಇದನ್ನು ಲಿಖಿತವಾಗಿ ಕೊಡಿ ಅನ್ನಿ.

ನಮಸ್ಕಾರ.